ದರಪಟ್ಟಿಯಲ್ಲಿ ಇಲ್ಲದ ನಡುವಿನ ದರ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ ಹೊರಬೀಳುವ ದರಪಟ್ಟಿಯಲ್ಲಿ ಮೂರು ಅಂಕಿಗಳಿರುತ್ತವೆ: ಕನಿಷ್ಠ, ಗರಿಷ್ಠ, ಸರಾಸರಿ. ಕನಕಪುರ, ಮಾಗಡಿ ಕಡೆಯಿಂದ ಗೂಡು ತಂದ ರೈತರು ಮೊದಲೆರಡರ ಮೇಲೆ ಕಣ್ಣಾಡಿಸಿ ಬಿಡುತ್ತಾರೆ. ತಮ್ಮ ದರವನ್ನು ಹೋಲಿಸಿ ನೋಡುವುದು ಮೂರನೆಯದರ ಜೊತೆಗೆ. ಅದಕ್ಕಿಂತ ಕಡಿಮೆ ಸಿಕ್ಕಿದ್ದರೆ ಮೋಸಹೋದೆವೆಂಬ ಸಂಕಟ. ಎಷ್ಟೋ ಸಲ ಇದು ಗೂಡಿನ ದೋಷವೂ ಅಲ್ಲ, ಅದನ್ನು ಕೊಂಡು ನೂಲು ಬಿಚ್ಚುವ ರೀಲರ್‌ನ ದೋಷವೂ ಅಲ್ಲ, ಲೆಕ್ಕದ ದೋಷ.

ಉದಾಹರಣೆಗೆ ಐದು ಲಾಟುಗಳು ಕೆ.ಜಿ.ಗೆ 420, 440, 450, 460 ಮತ್ತು 730 ರೂಪಾಯಿಗೆ ಹೋದವೆನ್ನಿ. ಕೂಡಿಸಿ ಐದರಿಂದ ಭಾಗಿಸಿದರೆ ಸರಾಸರಿ 500. ಐವರಲ್ಲಿ ನಾಲ್ವರು ಸರಾಸರಿಗಿಂತ ಕೆಳಗೆ! ಅದೇ ದರಗಳನ್ನು ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ಆರಿಸಿದರೆ 450. ಶಾಲೆಯಲ್ಲಿ ಮಧ್ಯಾಂಕ ಎಂದು ಕಲಿತು, ಪರೀಕ್ಷೆ ಮುಗಿದ ಮರುದಿನ ಮರೆತದ್ದು ಇದನ್ನೇ. ಕೊನೆಯ ಲಾಟು 730ರ ಬದಲು 1030ಕ್ಕೆ ಹೋದರೆ ಸರಾಸರಿ 560ಕ್ಕೆ ಜಿಗಿಯುತ್ತದೆ. ಮಧ್ಯಾಂಕ 450ರಿಂದ ಅಲುಗುವುದಿಲ್ಲ.

ತೂಕವನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೊಂದು ಉತ್ತರ. ದುಬಾರಿ ಲಾಟು ಬರೀ 20 ಕೆ.ಜಿ., ಉಳಿದವು ತಲಾ 60 ಕೆ.ಜಿ. ಇದ್ದರೆ, ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದಾಗ ಸಿಗುವುದು ಸುಮಾರು 465. ಒಂದೇ ಹರಾಜು, ಮೂರು ನಡುವುಗಳು. ಯಾವುದೂ ಸುಳ್ಳಲ್ಲ. ರೀಲರ್‌ಗಳೆಲ್ಲ ಸೇರಿ ಕೆ.ಜಿ.ಗೆ ಎಷ್ಟು ತೆತ್ತರೆಂದು ತಿಳಿಯಲು 465 ಸರಿ. ನನ್ನಂಥ ರೈತನಿಗೆ ಏನು ಸಿಕ್ಕಿತೆಂದು ತಿಳಿಯಲು 450.

ಮಿಶ್ರತಳಿ ಗೂಡನ್ನೂ ಬೈವೋಲ್ಟೈನ್ ಗೂಡನ್ನೂ ಒಟ್ಟಿಗೆ ಲೆಕ್ಕಹಾಕಿದರಂತೂ ಯಾವ ನಡುವೂ ಕೆಲಸಕ್ಕೆ ಬಾರದು. ಒಂದು 400ರ ಆಸುಪಾಸು, ಇನ್ನೊಂದು 600ರ ಆಸುಪಾಸು ಮಾರಾಟವಾದ ದಿನ ಸರಾಸರಿ 500 ಎಂದರೆ, ಆ ದರಕ್ಕೆ ಒಂದು ಗೂಡೂ ಮಾರಾಟವಾಗಿರುವುದಿಲ್ಲ. ತಳಿಗಳ ದರವನ್ನು ಬೇರೆಬೇರೆ ಬರೆಯಬೇಕಾದದ್ದು ಇದಕ್ಕೇ.

ದರಗಳು ಇಷ್ಟು ಚದುರುವುದೇಕೆ? ರೀಲರ್ ಲಾಟಿನಿಂದ ಒಂದು ಗೂಡು ಎತ್ತಿ ಬೆರಳಲ್ಲಿ ಒತ್ತುತ್ತಾನೆ, ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಒಳಗಿನ ಕೋಶ ಗಟ್ಟಿಯಾಗಿದ್ದರೆ ಗಲಗಲ ಸದ್ದು. ಹುಳು ಸತ್ತು ಕರಗಿದ್ದರೆ ಸದ್ದಿಲ್ಲ. ಜೋಡಿ ಗೂಡು, ತೆಳು ಗೂಡು, ಕಲೆಯ ಗೂಡು ಎಷ್ಟಿವೆಯೆಂದು ಕಣ್ಣಳತೆ ಮಾಡಿ, ಎಷ್ಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಇಳಿದೀತೆಂದು ಮನಸ್ಸಿನಲ್ಲೇ ಗುಣಿಸಿ ಬಿಡ್ ಮಾಡುತ್ತಾನೆ. ಪ್ರತಿ ದರವೂ ಅನುಭವಸ್ಥನ ಒಂದು ಊಹೆ.

ಇಂಥ ಊಹೆಗಳ ರಾಶಿಯನ್ನು ವಿಜ್ಞಾನ ತೂಗಿ ನೋಡಿದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಪ್ರದರ್ಶನದಲ್ಲಿ, ಒಂದು ಎತ್ತನ್ನು ಕಡಿದ ಮೇಲೆ ಮಾಂಸ ಎಷ್ಟು ತೂಗೀತೆಂದು ಊಹಿಸುವ ಪಂದ್ಯ ನಡೆಯಿತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಊಹೆ ಬರೆದ 787 ಚೀಟಿಗಳನ್ನು ತರಿಸಿ ಜೋಡಿಸಿದ. ನಡುವಿನ ಊಹೆ 1207 ಪೌಂಡ್. ನಿಜ ತೂಕ 1198. ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದ. ಒಬ್ಬ ತಿಕ್ಕಲನ ವಿಪರೀತ ಊಹೆ ಇಡೀ ಗುಂಪನ್ನು ಎಳೆದಾಡಬಾರದೆಂದೇ ಅವನು ಮಧ್ಯಾಂಕವನ್ನು ನೆಚ್ಚಿಕೊಂಡದ್ದು. ತಮಾಷೆಯೆಂದರೆ ಆಮೇಲೆ ಲೆಕ್ಕಹಾಕಿದ ಸರಾಸರಿ 1197 ಬಂತು, ನಿಜಕ್ಕೆ ಇನ್ನೂ ಹತ್ತಿರ! ಊಹೆಗಳು ಎರಡೂ ಕಡೆಗೆ ಸಮನಾಗಿ ಚದುರಿದ್ದರೆ ಸರಾಸರಿಯೂ ಎಡವುವುದಿಲ್ಲ. ಒಂದೇ ಕಡೆಗೆ ಬಾಲ ಚಾಚಿದಾಗಲೇ ತೊಂದರೆ.

ಗೂಡು ದಾಸ್ತಾನಿಡುವ ಸರಕಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಕೊರೆದು ಹೊರಬಂದರೆ ಎಳೆ ಕಡಿದು, ಬಿಚ್ಚಾಣಿಕೆಗೆ ಬಾರದಾಗುತ್ತದೆ. ಹಾಗಾಗಿ ಇಂದು ಇಲ್ಲೇ ಮಾರಬೇಕೇ, ನಾಳೆ ಬೇರೆ ಮಾರುಕಟ್ಟೆಗೆ ಒಯ್ಯಬೇಕೇ ಎಂಬ ತೀರ್ಮಾನವನ್ನು ರೈತರು ನಿಂತ ನಿಲುವಿನಲ್ಲೇ ಮಾಡಬೇಕು. ಇ-ಹರಾಜಿನ ಕಂಪ್ಯೂಟರಿನಲ್ಲಿ ಪ್ರತಿ ಲಾಟಿನ ದರವೂ ಇದೆ. ಮಧ್ಯಾಂಕ ತೆಗೆಯಲು ಅದಕ್ಕೆ ಕ್ಷಣ ಸಾಕು. ದರಪಟ್ಟಿಗೆ ನಾಲ್ಕನೆಯ ಕಾಲಂ ಒಂದನ್ನು ಸೇರಿಸಲಿ.