ಹಳೆಯದನ್ನು ಅಳಿಸದ ಹೊಸ ಆರಂಭ: ಗಂಗಾಮೂಲದ ರಮಾಬಾಯಿ ನಮ್ಮ ಜನರೇಷನ್‌ಗೆ ಹೇಳೋದೇನು?

ಆಫೀಸಿನಲ್ಲಿ ಏನೇ ಹ್ಯಾಂಗ್ ಆಗಲಿ, ನಾವು ಮೊದಲು ಕೇಳೋದು ಒಂದೇ ಪ್ರಶ್ನೆ: "ರೀಸ್ಟಾರ್ಟ್ ಮಾಡಿ ನೋಡಿದ್ರಾ?" ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ ಕೂಡ. ತೊಂದರೆ ಏನಂದ್ರೆ, ಮೂವತ್ತರ ಹತ್ತಿರ ಬರ್ತಿದ್ದ ಹಾಗೆ ಬದುಕಿಗೂ ಇದೇ ಬಟನ್ ಹುಡುಕೋಕೆ ಶುರು ಮಾಡ್ತೀವಿ. ಲೇಆಫ್ ಆಯ್ತಾ, ಊರು ಬದಲಾಯಿಸೋಣ. ಸಂಬಂಧ ಮುರಿದುಬಿತ್ತಾ, ಫೋಟೋ ಎಲ್ಲಾ ಡಿಲೀಟ್ ಮಾಡೋಣ. ಕೆಲಸದಲ್ಲಿ ಅರ್ಥವೇ ಕಾಣ್ತಿಲ್ವಾ, ಎಲ್ಲಾ ಬಿಟ್ಟು ಚಿಕ್ಕಮಗಳೂರಲ್ಲಿ ಹೋಮ್‌ಸ್ಟೇ ಶುರು ಮಾಡೋಣ. ಹಿಂದಿನದನ್ನು ಪೂರ್ತಿ ಅಳಿಸಿದರೆ ಮಾತ್ರ ಹೊಸದು ಶುರುವಾಗುತ್ತೆ ಅನ್ನೋದು ನಮ್ಮ ಲೆಕ್ಕ.

ಕ್ರೈಸ್ತ ನಂಬಿಕೆಯಲ್ಲಿ ಹೊಸ ಆರಂಭಕ್ಕೆ ದೊಡ್ಡ ಜಾಗ ಇದೆ. ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಚರ್ಚುಗಳು ತುಂಬಿರುತ್ತವೆ. ವರ್ಷದ ಮಿಕ್ಕ ದಿನಗಳಲ್ಲಿ ಕಾಣಿಸದವರೂ ಅವತ್ತು ಬಂದು ಕೂರುತ್ತಾರೆ. ಹೊಸ ಹುಟ್ಟು, ಹೊಸ ಸೃಷ್ಟಿ ಅನ್ನೋ ಮಾತುಗಳನ್ನು ಕೇಳ್ತಾನೇ ನಾನೂ ಬೆಳೆದೆ. ಆದರೆ ಒಂದು ಪ್ರಶ್ನೆ ಮಾತ್ರ ಉಳಿದೇ ಇತ್ತು: ಹೊಸ ಮನುಷ್ಯ ಹುಟ್ಟಿದ ಮೇಲೆ ಹಳೆಯ ಮನುಷ್ಯ ಕಲಿತದ್ದು, ಕಳಕೊಂಡದ್ದು, ಸಹಿಸಿದ್ದು ಎಲ್ಲಾ ಏನಾಗುತ್ತೆ? ಬಿಸಾಡಬೇಕಾ?

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಯಾವ ಪ್ರಸಂಗದಲ್ಲೂ ಇರಲಿಲ್ಲ. ಅದು ಒಬ್ಬ ಹೆಣ್ಣುಮಗಳ ಬದುಕಿನಲ್ಲಿತ್ತು. ಅವರ ಹೆಸರು ಪಂಡಿತಾ ರಮಾಬಾಯಿ.

ಕಾಡಲ್ಲಿ ಹುಟ್ಟಿದ ಪಂಡಿತೆ

ವೀಕೆಂಡಿಗೆ ಕುದುರೆಮುಖದ ಕಡೆ ಬೈಕ್ ಓಡಿಸಿದವರಿಗೆ ಗಂಗಾಮೂಲ ಗೊತ್ತಿರುತ್ತೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಬೆಟ್ಟ. ಕಾರ್ಕಳದಿಂದ ಹೋದರೆ ದಾರಿಯಲ್ಲಿ ಮಾಳ ಸಿಗುತ್ತೆ. ರಮಾಬಾಯಿಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಆ ಮಾಳದ ಕಡೆಯವರು, ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅಂತಿದ್ದ ಕಾಲದಲ್ಲಿ ಅವರು ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಅದಕ್ಕೆ ವಿರೋಧ ಬಂತು. ಕುಟುಂಬ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿತು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲೇ.

ಆಮೇಲೆ ಮನೆ ಅಂತ ಒಂದು ಇರಲಿಲ್ಲ. ಕುಟುಂಬ ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ನಡೆಯುತ್ತಾ ಪುರಾಣ ಹೇಳಿ ಜೀವನ ಮಾಡುತ್ತಿತ್ತು. ಅಮ್ಮನೇ ಗುರು, ದಾರಿಯೇ ಶಾಲೆ. ಹನ್ನೆರಡರ ಹೊತ್ತಿಗೆ ರಮಾಗೆ ಭಾಗವತದ ಸಾವಿರಾರು ಶ್ಲೋಕ ಬಾಯಿಪಾಠ. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರಾದ ಮೇಲೆ ಒಬ್ಬರು ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಹಸಿದ ಹೊಟ್ಟೆಯಲ್ಲೇ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು.

ಅಲ್ಲಿನ ವಿದ್ವಾಂಸರು ಅವರ ಸಂಸ್ಕೃತ ಕೇಳಿ ಬೆರಗಾದರು. 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. ಇಪ್ಪತ್ತರ ಹುಡುಗಿಗೆ!

23ಕ್ಕೇ ಎಲ್ಲಾ ಮುಗಿದಾಗ

1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಅನ್ನೋ ಬಂಗಾಳಿ ವಕೀಲರನ್ನು ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ, ಮದುವೆ ರಿಜಿಸ್ಟರ್ಡ್. ಮರುವರ್ಷ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಬಿಪಿನ್ ಕಾಲರಾಕ್ಕೆ ಬಲಿಯಾದರು. ಎರಡು ವರ್ಷ ಕೂಡ ತುಂಬದ ಸಂಸಾರ ಅದು.

ಲೆಕ್ಕ ಹಾಕಿ. 23ರ ವಿಧವೆ, ಕೈಯಲ್ಲಿ ವರ್ಷ ತುಂಬದ ಕೂಸು, ತವರು ಅಂತ ಯಾರೂ ಇಲ್ಲ. ಆ ಕಾಲದಲ್ಲಿ ವಿಧವೆ ಅಂದ್ರೆ ತಲೆ ಬೋಳಿಸಿ ಮೂಲೆ ಹಿಡಿಯಬೇಕು. ರಮಾಬಾಯಿ ಮೂಲೆ ಹಿಡಿಯಲಿಲ್ಲ, ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ನಮಗೆ ಮಹಿಳಾ ಶಿಕ್ಷಕಿಯರು ಬೇಕು, ಮಹಿಳಾ ಡಾಕ್ಟರುಗಳು ಬೇಕು ಅಂತ ವಾದಿಸಿದರು. ತಾವೇ ಡಾಕ್ಟರ್ ಆಗಬೇಕು ಅಂತ 'ಸ್ತ್ರೀ ಧರ್ಮ ನೀತಿ' ಅನ್ನೋ ಮರಾಠಿ ಪುಸ್ತಕ ಬರೆದು, ಅದರ ದುಡ್ಡಿನಿಂದ ಪ್ರಯಾಣದ ಖರ್ಚು ಹೊಂದಿಸಿ, 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿನ ಹಡಗು ಹತ್ತಿದರು.

ಅಲ್ಲಿ ಆ ಪ್ಲಾನೂ ಕೈಕೊಟ್ಟಿತು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಮೆಡಿಕಲ್ ಓದೋಕೆ ಆಗೋದಿಲ್ಲ ಅಂತಾಯ್ತು.

ಫುಲಮ್‌ನಲ್ಲಿ ಕಂಡದ್ದು

ಇಂಗ್ಲೆಂಡಿನಲ್ಲಿ ಅವರು ಇಳಿದುಕೊಂಡದ್ದು ವಾಂಟೇಜ್ ಊರಿನ ಆಂಗ್ಲಿಕನ್ ಸಿಸ್ಟರ್‌ಗಳ ಮಠದಲ್ಲಿ. ಆ ಸಿಸ್ಟರ್‌ಗಳ ಶಾಖೆಯೊಂದು ಲಂಡನ್ನಿನ ಫುಲಮ್‌ನಲ್ಲಿತ್ತು. ಸಮಾಜ 'ಕೆಟ್ಟವರು' ಅಂತ ಹೊರಗಿಟ್ಟ ಹೆಂಗಸರಿಗೆ ಆಸರೆ ಕೊಡುವ ಕೆಲಸ ಅಲ್ಲಿ ನಡೆಯುತ್ತಿತ್ತು. ಅದನ್ನು ನೋಡೋಕೆ ಹೋದ ರಮಾಬಾಯಿಗೆ ಆಶ್ಚರ್ಯ ಕಾದಿತ್ತು. ಒಂದು ಕಾಲದಲ್ಲಿ ಆಸರೆ ಕೇಳಿ ಬಂದಿದ್ದ ಕೆಲವರು ಈಗ ರೋಗಿಗಳ, ದುರ್ಬಲರ ಸೇವೆಗೆ ನಿಂತಿದ್ದರು.

ಇಂಥವರ ಬಗ್ಗೆ ನಿಮಗೇಕೆ ಇಷ್ಟು ಕಾಳಜಿ ಅಂತ ಅವರು ಒಬ್ಬ ಸಿಸ್ಟರನ್ನು ಕೇಳಿದರು. ಆಕೆ ಉಪನ್ಯಾಸ ಕೊಡಲಿಲ್ಲ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ತೆಗೆದು ಓದಿದರು. ಅದು ಯೇಸು ಮತ್ತು ಸಮಾರ್ಯದ ಹೆಂಗಸಿನ ಕಥೆ.

ಕಥೆ ಚಿಕ್ಕದು. ಸುಡುವ ಮಧ್ಯಾಹ್ನ ಒಬ್ಬ ಹೆಂಗಸು ಒಬ್ಬಳೇ ಬಾವಿಗೆ ಬರ್ತಾಳೆ. ಐವರು ಗಂಡಂದಿರನ್ನು ಕಂಡವಳು. ಬಹುಶಃ ಊರವರ ಕಣ್ಣು ತಪ್ಪಿಸೋಕೇ ಆ ಹೊತ್ತು ಆರಿಸಿಕೊಂಡಿದ್ದಾಳೆ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳದ ಕಾಲದಲ್ಲಿ ಯೇಸು ಅವಳ ಹತ್ತಿರ ನೀರು ಕೇಳ್ತಾನೆ. ಅವಳ ಬದುಕೆಲ್ಲ ಗೊತ್ತಿದ್ದೂ ಅವಳೊಂದಿಗೆ ದೇವರ ಬಗ್ಗೆ ಸರಿಸಮಾನವಾಗಿ ಮಾತಾಡ್ತಾನೆ. ಕೊನೆಗೆ ಅವಳು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಹೋಗಿ ಜನರನ್ನು ಕರೀತಾಳೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಊರಿನಲ್ಲಿ ಅವಳು ಹೇಳೋದು ಏನು? ನನ್ನ ಬದುಕನ್ನೆಲ್ಲ ತಿಳಿದ ಒಬ್ಬರು ಇದ್ದಾರೆ, ಬಂದು ನೋಡಿ ಅಂತ. ಯಾವ ಹಿಂದಿನ ಬದುಕು ಮುಚ್ಚಿಡೋಕೆ ಅವಳು ಬಿಸಿಲಲ್ಲಿ ಬಂದಿದ್ದಳೋ, ಅದನ್ನೇ ಈಗ ಬಾಯಿಬಿಟ್ಟು ಹೇಳ್ತಿದ್ದಾಳೆ. ಅವಳ ಹಿಂದಿನದು ಅಳಿದುಹೋಗಿಲ್ಲ, ಅದರ ಬಗ್ಗೆ ಇದ್ದ ನಾಚಿಕೆ ಹೋಗಿದೆ. ಕ್ರೈಸ್ತರು ಕೃಪೆ ಅನ್ನೋದು ಇದಕ್ಕೇ. ನೀವು ಮೊದಲು ಕ್ಲೀನ್ ಆಗಿ ಬನ್ನಿ, ಆಮೇಲೆ ನೋಡೋಣ ಅನ್ನುವ ಷರತ್ತು ಅದರಲ್ಲಿಲ್ಲ.

1883ರ ಸೆಪ್ಟೆಂಬರಿನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಭಾರತದಲ್ಲಿ ಅವರನ್ನು ಮೆಚ್ಚಿದ್ದ ಎಷ್ಟೋ ಜನರಿಗೆ ಇದು ನೋವು ತಂದಿತು.

ಪ್ರಶ್ನೆಗಳನ್ನೂ ಜೊತೆಗೆ ತಂದರು

ಇನ್ನು ಮುಂದೆ ರಮಾಬಾಯಿ ವಿಧೇಯ ಶಿಷ್ಯೆ ಆಗಿಬಿಟ್ಟರು ಅಂದ್ಕೊಂಡ್ರೆ ತಪ್ಪು. ಸಿಸ್ಟರ್‌ಗಳ ಜೊತೆ ಪತ್ರಗಳಲ್ಲಿ ವಾದಕ್ಕಿಳಿದರು. ತ್ರಯೈಕ್ಯದಂಥ ಸಿದ್ಧಾಂತಗಳನ್ನು ಪ್ರಶ್ನಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಕೇಳಿದರು. ಸಸ್ಯಾಹಾರ ಬಿಡಲಿಲ್ಲ, ಸೀರೆ ಬಿಡಲಿಲ್ಲ. ದೇವರಿಗೆ ಒಪ್ಪಿಸಿಕೊಂಡಿದ್ದೇನೆ, ಹಾಗಂತ ನನ್ನ ಬುದ್ಧಿಯನ್ನು ಯಾರ ಕೈಗೂ ಕೊಡಲ್ಲ ಅನ್ನೋದು ಅವರ ನಿಲುವು.

ಚೆಲ್ಟನಮ್ ಲೇಡೀಸ್ ಕಾಲೇಜಿನಲ್ಲಿ ಓದುತ್ತಾ ಸಂಸ್ಕೃತ ಕಲಿಸಿದರು. 1886ರಲ್ಲಿ ಆನಂದಿಬಾಯಿ ಜೋಶಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡೋಕೆ ಅಮೆರಿಕಕ್ಕೆ ಹೋದವರು ಅಲ್ಲೇ ಉಳಿದು ಊರೂರು ಸುತ್ತಿ ಭಾಷಣ ಮಾಡಿದರು. ಭಾರತದ ಮೇಲ್ಜಾತಿ ವಿಧವೆಯರ ಸ್ಥಿತಿಯ ಬಗ್ಗೆ 1887ರಲ್ಲಿ ಇಂಗ್ಲಿಷ್ ಪುಸ್ತಕ ಬರೆದರು. ಬೋಸ್ಟನ್‌ನಲ್ಲಿ ಅವರ ಕೆಲಸಕ್ಕೆ ದುಡ್ಡು ಕೂಡಿಸುವ ಸಂಘ ಹುಟ್ಟಿತು. ಊರೂರು ಅಲೆದು ಜನರ ಮುಂದೆ ನಿಂತು ಮಾತಾಡೋದು ಅವರಿಗೆ ಹೊಸದೇನಲ್ಲ. ಪುರಾಣ ಹೇಳುತ್ತಾ ನಡೆದ ಬಾಲ್ಯ ಅದನ್ನು ಕಲಿಸಿತ್ತು.

1889ರ ಮಾರ್ಚ್ 11ರಂದು ಮುಂಬೈಯಲ್ಲಿ 'ಶಾರದಾ ಸದನ' ಶುರುವಾಯಿತು. ಕ್ರೈಸ್ತಳೊಬ್ಬಳು ಕಟ್ಟಿದ ಶಾಲೆಗೆ ಶಾರದೆಯ ಹೆಸರು! ಅಲ್ಲಿಗೆ ಬಂದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಧೋಂಡೋ ಕೇಶವ ಕರ್ವೆ 1893ರಲ್ಲಿ ಮದುವೆಯಾದದ್ದು ಇದೇ ಗೋದೂಬಾಯಿಯನ್ನು. ಒಬ್ಬರ ಹೊಸ ಆರಂಭ ಇನ್ನೊಬ್ಬರ ಹೊಸ ಆರಂಭಕ್ಕೆ ಬಾಗಿಲು ತೆಗೆಯೋದು ಹೀಗೆ.

ಪುಣೆಗೆ ಹೋದ ಮೇಲೆ ಶಾಲೆಗೆ ಕಷ್ಟ ಎದುರಾಯಿತು. ಧರ್ಮದ ವಿಷಯದಲ್ಲಿ ತಟಸ್ಥ ಅಂತ ಶುರುವಾದ ಶಾಲೆ ಅದು. ಆದರೆ ರಮಾಬಾಯಿ ಪ್ರಾರ್ಥನೆ ಮಾಡುವಾಗ ಹುಡುಗಿಯರೂ ಬಂದು ಕೂರುತ್ತಿದ್ದರು. ತಿಲಕರ 'ಕೇಸರಿ' ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಮಂಡಳಿ ಬಿಟ್ಟರು. ಹಲವು ಪೋಷಕರು ಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು. ನಂಬಿ ಮಕ್ಕಳನ್ನು ಕಳಿಸಿದವರ ಆತಂಕದಲ್ಲಿ ಅರ್ಥ ಇತ್ತು. ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸಲಾರೆ ಅನ್ನೋ ರಮಾಬಾಯಿಯ ಹಟದಲ್ಲೂ ಪ್ರಾಮಾಣಿಕತೆ ಇತ್ತು. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳೋಕಾಗಲ್ಲ.

ದೀಕ್ಷಾಸ್ನಾನದ ಎಂಟು ವರ್ಷದ ಮೇಲೆ

ನನಗೆ ತುಂಬ ಹಿಡಿಸಿದ್ದು ಅವರು ಮುಂದೆ ತಮ್ಮ ಬಗ್ಗೆಯೇ ಬರೆದುಕೊಂಡ ಒಂದು ಮಾತು. ದೀಕ್ಷಾಸ್ನಾನ ಪಡೆದ ಸುಮಾರು ಎಂಟು ವರ್ಷದ ಮೇಲೆ ಅವರಿಗೆ ಅನ್ನಿಸಿತಂತೆ: ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಇನ್ನೂ ಸಿಕ್ಕಿಲ್ಲ. ಅಂದ್ರೆ ಬುದ್ಧಿ ಒಪ್ಪಿತ್ತು, ಮನಸ್ಸಿಗೆ ನೆಮ್ಮದಿ ಸಿಕ್ಕಿರಲಿಲ್ಲ. 1891ರ ಸುಮಾರಿಗೆ ಆ ನೆಮ್ಮದಿಯೂ ಸಿಕ್ಕಿತು ಅಂತ ಬರೆಯುತ್ತಾರೆ.

ಇಷ್ಟು ದೊಡ್ಡ ವ್ಯಕ್ತಿಗೆ, ಆಗಲೇ ಶಾಲೆ ಕಟ್ಟಿ ನಡೆಸುತ್ತಿದ್ದವರಿಗೆ, ಎಂಟು ವರ್ಷ ಬೇಕಾಯಿತು. ನಾವೋ, ಒಂದು ರಿಟ್ರೀಟ್‌ಗೆ ಹೋಗಿ ಬಂದ ಸೋಮವಾರವೇ ಏನೂ ಬದಲಾಗಿಲ್ಲ ಅಂತ ಬೇಜಾರು ಮಾಡ್ಕೋತೀವಿ. ಬೈಬಲ್ಲಿನಲ್ಲಿ ಪಶ್ಚಾತ್ತಾಪ ಅಂತ ಕನ್ನಡಕ್ಕೆ ಬಂದಿರೋ ಗ್ರೀಕ್ ಪದದ ಮೂಲ ಅರ್ಥ ಮನಸ್ಸು ಬದಲಾಗುವುದು ಅಂತ. ಮನಸ್ಸು ಒಂದೇ ಸಲಕ್ಕೆ ಪೂರ್ತಿ ತಿರುಗಿಬಿಡೋದು ಅಪರೂಪ.

ಕೇಡಗಾಂವ್‌ನ ಮುಕ್ತಿ

1896-97ರಲ್ಲಿ ಮಧ್ಯ ಭಾರತಕ್ಕೆ ಭೀಕರ ಬರ ಬಂತು. ಬರದಲ್ಲಿ ಮನೆಯವರನ್ನು ಕಳಕೊಳ್ಳೋದು ಅಂದ್ರೆ ಏನು ಅಂತ ರಮಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಇತ್ತು. ಹತ್ತಿರದ ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಜಮೀನಿನಲ್ಲಿ 'ಮುಕ್ತಿ' ಎದ್ದು ನಿಂತಿತು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು.

ಅದು ಬರೀ ಊಟ ಹಾಕುವ ಜಾಗ ಆಗಿರಲಿಲ್ಲ. ಹೆಂಗಸರೇ ನೇಯುತ್ತಿದ್ದರು, ಎಣ್ಣೆ ತೆಗೆಯುತ್ತಿದ್ದರು, ಹಸು ಸಾಕುತ್ತಿದ್ದರು, ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದರು. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸುವ ಏರ್ಪಾಡಿತ್ತು. ಫುಲಮ್‌ನಲ್ಲಿ ಕಂಡದ್ದರ ನೆನಪಿಗೆ ಸಾಕ್ಷಿಯಂತೆ, ಸಮಾಜ ಹೊರಗಿಟ್ಟ ಹೆಂಗಸರಿಗಾಗಿಯೇ 'ಕೃಪಾ ಸದನ' ಇತ್ತು.

ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಸಾಮಾನ್ಯ ಹೆಂಗಸರಿಗೆ ಅರ್ಥವಾಗುವ ಸರಳ ಮರಾಠಿಗೆ ತಂದರು. ಮಗಳು ಮನೋರಮಾ ಅಮ್ಮನ ಬಲಗೈಯಾಗಿದ್ದರು. ನಮ್ಮ ಕಲಬುರಗಿಯಲ್ಲೂ ಹೆಣ್ಣುಮಕ್ಕಳ ಶಾಲೆ ನಡೆಸಿದ್ದರು. ಅವರು 1921ರಲ್ಲಿ ತೀರಿಕೊಂಡರು. ಆ ದುಃಖದಲ್ಲೂ ರಮಾಬಾಯಿ ಅನುವಾದ ಮುಗಿಸಿದರು. 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಕೇಡಗಾಂವ್‌ನ ಮುಕ್ತಿ ಇವತ್ತಿಗೂ ಇದೆ.

ನಮಗೇನು?

ಈಗ ಒಂದು ಪಟ್ಟಿ ಹಾಕಿ ನೋಡಿ. ಅಪ್ಪ ಅಮ್ಮ ಕಲಿಸಿದ ಸಂಸ್ಕೃತ, ಮುಂದೆ ಬೇರೆ ಭಾಷೆಗಳ ಕಲಿಕೆಗೂ ಅನುವಾದಕ್ಕೂ ಬುನಾದಿಯಾಯಿತು. ಪುರಾಣ ಹೇಳಿದ ಬಾಯಿ ಅಮೆರಿಕದಲ್ಲಿ ಭಾಷಣ ಮಾಡಿತು. ಹಸಿದು ನಡೆದ ಕಾಲು ಬರಪೀಡಿತ ಊರುಗಳಿಗೆ ಹೋಯಿತು. ವೈಧವ್ಯದ ನೋವು ವಿಧವೆಯರ ಶಾಲೆಯಾಯಿತು. ಡಾಕ್ಟರ್ ಆಗುವ ಕನಸು ಮುರಿದದ್ದೂ ಅವರನ್ನು ಶಿಕ್ಷಣದ ದಾರಿಗೆ ತಂದಿತು. ನಂಬಿಕೆ ಅವರಿಂದ ಇದ್ಯಾವುದನ್ನೂ ಕಿತ್ತುಕೊಳ್ಳಲಿಲ್ಲ, ಎಲ್ಲಕ್ಕೂ ಒಂದು ದಿಕ್ಕು ಕೊಟ್ಟಿತು.

ಹಾಗಂತ ನಷ್ಟಗಳೆಲ್ಲ ಒಳ್ಳೆಯದಕ್ಕೇ ಆಯ್ತು ಅಂತ ನಾನು ಹೇಳ್ತಿಲ್ಲ. ಬರದಲ್ಲಿ ಸತ್ತ ಅಪ್ಪ ಅಮ್ಮ ವಾಪಸ್ ಬರಲಿಲ್ಲ. ದುಃಖವನ್ನು ಪಾಠ ಅಂತ ಕರೆದು ಸಮಾಧಾನ ಮಾಡೋದು ಸುಲಭ, ಆದರೆ ಅನುಭವಿಸಿದವರಿಗೆ ಅದು ಗಾಯದ ಮೇಲೆ ಉಪ್ಪು. ರಮಾಬಾಯಿಯ ಬದುಕು ಹೇಳೋದು ಇಷ್ಟೇ: ಆದದ್ದು ಆಗಿಹೋಗಿದ್ದರೂ ಅದು ಇನ್ನೊಬ್ಬರ ಕೆಲಸಕ್ಕೆ ಬರಬಹುದು.

ನೀವು ಯಾವ ಧರ್ಮದವರೇ ಆಗಿರಿ, ಯಾವ ಧರ್ಮವನ್ನೂ ನಂಬದವರೇ ಆಗಿರಿ, ಎಲ್ಲಾ ಬಿಟ್ಟು ಹೊಸದಾಗಿ ಶುರು ಮಾಡಬೇಕು ಅಂತ ಅನ್ನಿಸಿದಾಗ ರಾಜೀನಾಮೆ ಪತ್ರಕ್ಕೆ ಮುಂಚೆ ಒಂದು ಹಾಳೆ ತಗೊಳ್ಳಿ. ಏನೇನು ಕಲಿತಿದ್ದೀರಿ, ಏನೇನು ಕಳಕೊಂಡಿದ್ದೀರಿ, ಯಾವುದನ್ನು ಮುಚ್ಚಿಡ್ತಿದ್ದೀರಿ ಅಂತ ಬರೆಯಿರಿ. ಪ್ರತಿಯೊಂದರ ಪಕ್ಕ ಒಂದು ಪ್ರಶ್ನೆ: ಇದು ಯಾರಿಗೆ ಬೇಕಾಗಬಹುದು? ಲೇಆಫ್ ಆದವನಿಗೆ ಅದೇ ಸ್ಥಿತಿಯಲ್ಲಿರುವ ಜೂನಿಯರ್ ಜೊತೆ ಹೇಗೆ ಮಾತಾಡಬೇಕು ಅಂತ ಗೊತ್ತಿರುತ್ತೆ. ಡಿಪ್ರೆಶನ್ ದಾಟಿದವಳಿಗೆ ಸ್ನೇಹಿತೆಯ ಮೌನ ಬೇಗ ಅರ್ಥವಾಗುತ್ತೆ. ನಂಬುವವರು ಆ ಹಾಳೆಯನ್ನು ಪ್ರಾರ್ಥನೆಯಲ್ಲಿ ಇಟ್ಟು, ಯಾವ ಸಾಲಿನಿಂದ ಶುರು ಮಾಡಲಿ ಅಂತ ದೇವರನ್ನೇ ಕೇಳಬಹುದು.

ಉತ್ತರ ಅವತ್ತೇ ಬರಬೇಕು ಅಂತಿಲ್ಲ. ಶುರು ಮಾಡೋಕೆ ಆ ಹಾಳೆಯ ಒಂದು ಸಾಲು ಸಾಕು.