ಭೂಪಟದ ಪಾಠಾಂತರಗಳು

ಕಳೆದ ವರ್ಷ ನಮ್ಮ ಕಾಲೇಜಿನ ಕನ್ನಡ ಸಂಘದ ಉದ್ಘಾಟನೆಗೆಂದು ದೂರದ ಊರಿನಿಂದ ಹಿರಿಯ ವಿದ್ವಾಂಸರೊಬ್ಬರನ್ನು ಯಳಂದೂರಿಗೆ ಕರೆಸಿದ್ದೆವು. ಸಭೆಗೆ ಮುನ್ನ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನೋಡಬೇಕೆಂಬುದು ಅವರ ಬಹುದಿನದ ಆಸೆ. ದಾರಿ ತೋರಿಸಲು ಯಾರೂ ಬೇಡ, ಕೈಯಲ್ಲಿ ಫೋನಿದೆ ಎಂದು ಹೇಳಿ ಹೊರಟವರು ಮುಕ್ಕಾಲು ಗಂಟೆಯ ಮೇಲೆ ಬೆವರೊರೆಸಿಕೊಳ್ಳುತ್ತ ಹಿಂದಿರುಗಿದರು. ಫೋನಿನೊಳಗಿನ ಭೂಪಟ ಅವರನ್ನು ಒಯ್ದು ನಿಲ್ಲಿಸಿದ್ದು ಒಂದು ಹುಲ್ಲಿನ ಮೆದೆಯ ಮುಂದೆ. "ಶಿಲ್ಪ ಕಾಣಲಿಲ್ಲ, ಅದರ ಕಾವಲಿಗಿದ್ದ ನಾಲ್ಕು ಎಮ್ಮೆಗಳನ್ನು ಕಂಡೆ" ಎಂದು ನಕ್ಕರು. ನಾವೂ ನಕ್ಕೆವು. ಆಮೇಲೆ ಅವರು ಫೋನನ್ನು ನನ್ನ ಕಡೆ ಚಾಚಿ, "ಇದಾವ ಊರು, ಹೇಳಿ ನೋಡೋಣ" ಎಂದರು. ಕನ್ನಡ ಅಕ್ಷರಗಳಲ್ಲಿಯೇ "ಯೆಲಂದುರ್" ಎಂದು ಬರೆದಿದ್ದಿತು. ಆಗ ನನಗೆ ನಗು ಬರಲಿಲ್ಲ.

ಕನ್ನಡ ಬಲ್ಲ ಯಾವನೂ ಹೀಗೆ ಬರೆಯಲಾರ. ಈ ರೂಪ ಹೇಗೆ ಹುಟ್ಟಿತೆಂದು ಊಹಿಸುವುದು ಕಷ್ಟವಲ್ಲ. ಊರಿನ ಹೆಸರು ಮೊದಲು ರೋಮನ್ ಲಿಪಿಗೆ ಹೋಯಿತು. ಅಲ್ಲಿ ಳಕಾರ ಲಕಾರಗಳಿಗೆ ಒಂದೇ ಅಕ್ಷರ, ಡಕಾರ ದಕಾರಗಳಿಗೆ ಒಂದೇ ಅಕ್ಷರ; ಹ್ರಸ್ವದೀರ್ಘಗಳ ಭೇದವನ್ನು ಸಾಮಾನ್ಯವಾಗಿ ಯಾರೂ ಗಣಿಸುವುದಿಲ್ಲ. ಹೀಗೆ ಬಡವಾದ ಹೆಸರನ್ನು ಯಂತ್ರವೊಂದು ಮತ್ತೆ ಕನ್ನಡಕ್ಕೆ ತಂದಿತು. ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಕ್ಕಲಿಲ್ಲ. ಕೊಳ್ಳೇಗಾಲ "ಕೊಲ್ಲೆಗಲ್" ಆಗುವುದೂ ಹನೂರು "ಹನುರ್" ಆಗುವುದೂ ಇದೇ ದಾರಿಯಲ್ಲಿ. ತವರಿಗೆ ಬಂದ ಮಗಳನ್ನು ಹೆತ್ತವರೇ "ಯಾರಮ್ಮ ನೀನು?" ಎಂದು ಕೇಳುವಂತಾಯಿತು.

ಈ ರೋಗ ಹೊಸದೇನೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿಯವರು ಮೈಸೂರು ಸೀಮೆಯ ಮೋಜಣಿಗೆ ಕೈಹಾಕಿದರು. ಹಳ್ಳಿಗ ಹೇಳಿದ್ದನ್ನು ಪರದೇಶದ ಕಿವಿ ಕೇಳಿತು, ಪರದೇಶದ ಕೈ ಬರೆಯಿತು. ಶ್ರೀರಂಗಪಟ್ಟಣ "ಸೆರಿಂಗಪಟಂ" ಆದುದು ಇಂಥ ಕಿವಿಗಳಿಂದಲೇ. ಮೆಕೆಂಜಿಯವರಿಗೆ ನ್ಯಾಯ ಸಲ್ಲಿಸಿ ಒಂದು ಮಾತು ಹೇಳಬೇಕು: ಕಾವಲಿ ವೆಂಕಟ ಬೊರಯ್ಯನಂಥ ಸಹಾಯಕರನ್ನು ಕಟ್ಟಿಕೊಂಡು ಅವರು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕೂಡಿಸಿದರು, ಊರನ್ನು ಕುರಿತು ಊರಿನವರನ್ನೇ ಕೇಳುವ ಸೌಜನ್ಯ ಅವರಿಗಿದ್ದಿತು. ಅಂತೂ ಅಚ್ಚಾದ ಭೂಪಟದ ತಪ್ಪು ಶಿಲೆಯ ಮೇಲಿನ ಬರಹದಂತೆ. ಬೆಂಗಳೂರು, ಮೈಸೂರು ಮುಂತಾದ 12 ನಗರಗಳ ಹೆಸರುಗಳಿಗೆ ಇಂಗ್ಲಿಷಿನಲ್ಲಿಯೂ ಕನ್ನಡದ ರೂಪ ಸರ್ಕಾರದಿಂದ ದೊರೆಯಲು 2014ರ ನವೆಂಬರ್ ಒಂದರವರೆಗೆ ಕಾಯಬೇಕಾಯಿತು.

ಈಗ ಕಾಯಬೇಕಾಗಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ಭೂಪಟ ರಚನೆಗೆ ಮೊದಲಿದ್ದ ಪೂರ್ವಾನುಮತಿಯ ಕಟ್ಟುಗಳು ಬಹುಮಟ್ಟಿಗೆ ಸಡಿಲಗೊಂಡಿವೆ. ಫೋನಿನ ಭೂಪಟಗಳಲ್ಲಿ ತಿದ್ದುಪಡಿಯನ್ನು ಸೂಚಿಸಲು ಒಂದು ಗುಂಡಿಯೇ ಉಂಟು. ಸ್ಥಳವನ್ನು ಒತ್ತಿ, ಹೆಸರು ತಪ್ಪೋ ನೆಲೆ ತಪ್ಪೋ ತಿಳಿಸಿ, ಸಾಧ್ಯವಾದರೆ ಫಲಕದ ಛಾಯಾಚಿತ್ರವನ್ನು ಲಗತ್ತಿಸಿ ಕಳಿಸಬಹುದು. ಪರಿಶೀಲಿಸುವವರು ಒಪ್ಪಿದರೆ ಭೂಪಟ ತಿದ್ದಿಕೊಳ್ಳುತ್ತದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅಷ್ಟೂ ತಡೆಯಿಲ್ಲ. ಹೆಸರು ನೋಂದಾಯಿಸಿದ ಯಾರಾದರೂ ನೇರವಾಗಿ ತಿದ್ದಬಹುದು. ಕನ್ನಡದ ಹೆಸರಿಗೆ ಪ್ರತ್ಯೇಕ ಅಂಕಣವಿದೆ. ಯಾರು, ಯಾವಾಗ, ಏನನ್ನು ಬದಲಿಸಿದರೆಂಬ ಚರಿತ್ರೆಯೂ ಅಲ್ಲಿಯೇ ಉಳಿಯುತ್ತದೆ.

ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು (1964) ತರಗತಿಯಲ್ಲಿ ಪಾಠ ಹೇಳುವ ನನಗೆ ಇದೆಲ್ಲ ಪರಿಚಿತವಾದ ವಿದ್ಯೆಯಂತೆಯೇ ಕಂಡಿತು. ಪ್ರತಿ ಇದೆ, ಲಿಪಿಕಾರನ ಸ್ಖಾಲಿತ್ಯವಿದೆ, ಪಾಠಾಂತರವಿದೆ. ಇನ್ನು ಶುದ್ಧಪಾಠವನ್ನು ನಿರ್ಣಯಿಸುವುದಷ್ಟೆ! ನಾನು ಉತ್ಸಾಹದಿಂದ ಕುಳಿತೆ. ನಮ್ಮ ಊರು ಸಂಸ್ಕೃತದಲ್ಲಿ ಬಾಲೇಂದುಪುರ; ಎಳ, ಇಂದು, ಊರು ಎಂದು ಪಂಡಿತರು ಬಿಡಿಸಿ ಹೇಳುವ ಹೆಸರು; ಸಂಚಿಯ ಹೊನ್ನಮ್ಮನ ಊರು. ಇದರ ಶಾಸನಗಳು 1898ರಲ್ಲಿಯೇ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚಾಗಿವೆ. ಆದಕಾರಣ "ಎಳಂದೂರು" ಎಂಬುದೇ ಸಾಧುರೂಪವೆಂದು ನಿಶ್ಚಯಿಸಿ ಎರಡೂ ಭೂಪಟಗಳಿಗೆ ತಿದ್ದುಪಡಿ ಕಳಿಸಿದೆ. ಅತಿಥಿಗಳನ್ನು ಹುಲ್ಲಿನ ಮೆದೆಗೆ ಕಳಿಸಿದ್ದ ಮೊದಲನೆಯ ಭೂಪಟದವರು (ಹೆಸರೇಕೆ?) ಕಾರಣ ಹೇಳದೆ ನಿರಾಕರಿಸಿದರು. ಎರಡನೆಯದರಲ್ಲಿ ನನ್ನ ಪಾಠ ಕೂಡಲೇ ನಿಂತಿತು. ನಾಲ್ಕು ದಿನ ನನಗೆ ನೆಲ ಕಾಣಲಿಲ್ಲ.

ಐದನೆಯ ದಿನ ನೋಡಿದರೆ "ಯಳಂದೂರು" ಎಂದಿದೆ! ಅಪರಿಚಿತ ಸಂಪಾದಕರೊಬ್ಬರು ನನ್ನದನ್ನು ಅಳಿಸಿ, ಊರಿನ ಫಲಕಗಳಲ್ಲಿ ಇರುವುದು ಈ ರೂಪವೆಂದು ವಿನಯದಿಂದ ಒಂದು ಸಾಲಿನ ಟಿಪ್ಪಣಿ ಬರೆದಿದ್ದರು. ಎಂ.ಎ. ಪದವಿಯ ಅಹಂಕಾರಕ್ಕೆ ಪೆಟ್ಟಾಯಿತು. ವಿದ್ಯಾರ್ಥಿಗಳೆದುರು ದೂರಿಕೊಂಡಾಗ ಒಬ್ಬಳು ಮೆಲ್ಲಗೆ, "ಸಾರ್, ಬಸ್ಸಿನ ಬೋರ್ಡಲ್ಲೂ ಯಳಂದೂರು ಅಂತಾನೇ ಅಲ್ವಾ ಇರೋದು?" ಎಂದಳು. ನಿಜ. ಬಸ್ಸಿನ ಮೇಲೆ, ತಾಲ್ಲೂಕು ಕಚೇರಿಯ ಮೇಲೆ, ಕೊನೆಗೆ ನನ್ನ ಸಂಬಳದ ಚೀಟಿಯ ಮೇಲೆಯೂ ಯಳಂದೂರೇ. ಪದದ ಮೊದಲಿನ ಎಕಾರಕ್ಕೆ ಮಾತಿನಲ್ಲಿ ಯಕಾರದ ಸ್ಪರ್ಶ ಬರುವುದು ನಮ್ಮ ಭಾಷೆಯ ಸಹಜಗುಣ. ಅದನ್ನು ಸ್ಖಾಲಿತ್ಯವೆಂದದ್ದು ನನ್ನ ದೋಷ. ಕವಿ ತೀರಿಹೋಗಿರುವುದರಿಂದ ಕಾವ್ಯದ ಮೂಲಪಾಠವನ್ನು ಹುಡುಕಬೇಕಾಗುತ್ತದೆ. ಊರು ತೀರಿಹೋಗಿಲ್ಲ, ಜನ ದಿನವೂ ಅದರ ಹೆಸರನ್ನು ಹೇಳುತ್ತಿದ್ದಾರೆ. ನೆಲದ ಮೇಲೆ ಇರುವುದೇ ಭೂಪಟದಲ್ಲಿ ಇರತಕ್ಕದ್ದೆಂಬುದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮೂಲನಿಯಮ. ಆದರೆ ಹಳೆಯ ಹೆಸರಿಗೂ ಅಲ್ಲಿ ಬೇರೊಂದು ಅಂಕಣವಿದೆಯೆಂದು ತಿಳಿದ ಮೇಲೆ ನನ್ನ ದುಃಖ ಅರ್ಧವಾಯಿತು.

ಅಂದಿನಿಂದ ನಾವು ಕೆಲಸದ ಕ್ರಮವನ್ನು ಬದಲಿಸಿದೆವು. ಗ್ರಂಥಾಲಯಕ್ಕೆ ಮೊದಲು ಬೀದಿಗೆ ಹೋದೆವು. ಹುಡುಗರು ಬಳೆಮಂಟಪದ ಕಲ್ಲುಬಳೆಗಳ ಸರಪಳಿಯ ಕೆಳಗೇ ನಿಂತು ಚಿತ್ರ ತೆಗೆದು ನೆಲೆಯನ್ನು ಗುರುತಿಸಿ ಕಳಿಸಿದರು. ಹತ್ತು ದಿನಗಳಲ್ಲಿ ಗುರುತು ಮೆದೆಯನ್ನು ಬಿಟ್ಟು ಮಂಟಪಕ್ಕೆ ಬಂದಿತು. ನಮ್ಮ ತಾಲ್ಲೂಕಿನ ಮದ್ದೂರನ್ನು ಕೇಳಿದರೆ ಮಂಡ್ಯ ಜಿಲ್ಲೆಯ ಮದ್ದೂರನ್ನೂ, ನಮ್ಮ ಅಗರವನ್ನು ಕೇಳಿದರೆ ಬೆಂಗಳೂರಿನ ಅಗರವನ್ನೂ ತೋರಿಸುವ ಫೋನಿನ ಚಪಲಕ್ಕೆ ಮಾತ್ರ ಮದ್ದಿಲ್ಲ. ಅದು ತಪ್ಪಲ್ಲ, ದೊಡ್ಡವರ ಹೆಸರಿಟ್ಟುಕೊಂಡವರ ಕಷ್ಟ.

ಬಿಳಿಗಿರಿರಂಗನ ಬೆಟ್ಟದ ಪೋಡೊಂದರಿಂದ ಬರುವ ಸೋಲಿಗ ವಿದ್ಯಾರ್ಥಿಯೊಬ್ಬ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದ. ಒಂದು ದಿನ ತರಗತಿ ಮುಗಿದ ಮೇಲೆ ನಿಂತುಕೊಂಡು, "ನಮ್ಮ ಪೋಡನ್ನೂ ಸರಿ ಮಾಡ್ಬೋದಾ ಸಾರ್?" ಎಂದು ಕೇಳಿದ. ಮಳೆಗಾಲದ ರಾತ್ರಿಯೊಂದರಲ್ಲಿ ಅವನ ಅಜ್ಜಿಗೆ ಜ್ವರವೇರಿ ಪ್ರಜ್ಞೆ ತಪ್ಪಿತ್ತಂತೆ. ಆಂಬುಲೆನ್ಸಿನ ಚಾಲಕ ಹೊಸಬ. ಫೋನು ತೋರಿಸಿದ ದಾರಿಯಲ್ಲಿ ಇನ್ನೊಂದು ಪೋಡಿನ ಕವಲಿಗೆ ಹೋಗಿ ನಿಂತ. ಆನೆ ಓಡಾಡುವ ದಾರಿಯಲ್ಲಿ ಹುಡುಗನ ತಂದೆ ಬ್ಯಾಟರಿ ಹಿಡಿದು ಹುಡುಕಿಕೊಂಡು ಹೋದರು. ಒಂದೂವರೆ ಗಂಟೆ ಕಳೆಯಿತು. ಅಜ್ಜಿ ಬದುಕಿದರು. ಹುಡುಗ ಇಷ್ಟನ್ನೂ ಹಾಜರಿ ಹೇಳುವ ಧ್ವನಿಯಲ್ಲಿಯೇ ಹೇಳಿದ. ನಾನು ಎಕಾರ ಯಕಾರಗಳಿಗಾಗಿ ಕಳೆದ ವಾರಗಳ ನೆನಪಾಗಿ ತಲೆ ತಗ್ಗಿಸಿದೆ.

ಆ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆತದ್ದೂ 2011ರಲ್ಲಿಯೇ. ಅದಕ್ಕೆ ಮುನ್ನ ಸೋಲಿಗ ಹಿರಿಯರೂ ಏಟ್ರೀ ಸಂಸ್ಥೆಯ ಸಂಶೋಧಕರೂ ಜೊತೆಯಾಗಿ ಕಾಡಿನಲ್ಲಿ ನಡೆದು, ಒಂದೊಂದು ಕುಲದ ಎಲ್ಲೆಯೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳನ್ನು ನೂರಾರು ಸಂಖ್ಯೆಯಲ್ಲಿ ಗುರುತಿಸಿ, ಸೋಲಿಗರ ಹೆಸರುಗಳಿಂದಲೇ ನಕ್ಷೆ ಮಾಡಿದರು. ಬರಿಯ ಹಸಿರು ಬಣ್ಣವೆಂದು ಕಂಡಿದ್ದ ಜಾಗವೆಲ್ಲ ಹೆಸರುಗಳಿಂದ ತುಂಬಿಕೊಂಡಿತು. ಆ ಹೆಸರುಗಳನ್ನೂ ಫೋನಿನ ಭೂಪಟಕ್ಕೆ ಸೇರಿಸೋಣವೆಂದು ನಾನು ಆತುರಪಟ್ಟೆ. ಹುಡುಗ ತಲೆಯಾಡಿಸಿದ. "ಬೇಡ ಸಾರ್. ಪೋಡು ಹಾಕಿ, ರಸ್ತೆ ಹಾಕಿ, ಆಸ್ಪತ್ರೆ ಹಾಕಿ. ಕಲ್ಲುಗುಡಿ ಬೇಡ. ಹಾಕುದ್ರೆ ಅಲ್ಗೂ ಜೀಪು ಬತ್ತವೆ." ಮನೆಯವರು ಹೊರಗೆ ತೋರಿಸಲೊಲ್ಲದ ಓಲೆಗರಿಯನ್ನು ಏನು ಮಾಡಬೇಕೆಂದು ನಾನು ಎಂದೂ ಪಾಠ ಹೇಳಿದವನಲ್ಲ. ಅವನ ಮಾತಿನಂತೆಯೇ ನಡೆದೆವು.

ಪೋಡಿನ ನೆಲೆ, ಶಾಲೆಯ ಫಲಕದ ಚಿತ್ರ, ಕವಲುದಾರಿಯ ಗುರುತು, ಎಲ್ಲವನ್ನೂ ಮೊದಲನೆಯ ಭೂಪಟಕ್ಕೇ ಕಳಿಸಿದೆವು. ಚಾಲಕರ ಕೈಯಲ್ಲಿರುವುದು ಅದೇ. ಎರಡು ಸಲ ನಿರಾಕರಣೆಯಾಯಿತು. ಮೂರನೆಯ ಸಲ ಬೇರೆ ಬೇರೆ ಫೋನುಗಳಿಂದ ಐವರು ಅದೇ ತಿದ್ದುಪಡಿಯನ್ನು ಕಳಿಸಿದರು. ಕಳೆದ ತಿಂಗಳು ಒಪ್ಪಿಗೆ ಬಂದಿತು. ಹುಡುಗ ಓಡಿಬಂದು ಫೋನನ್ನು ತೋರಿಸಿದ. ಗುರುತು ಸರಿಯಾದ ಕವಲಿನ ಕೊನೆಯಲ್ಲಿಯೇ ನಿಂತಿದ್ದಿತು. ಕೆಳಗಿನ ಹೆಸರನ್ನು ಓದಿದೆ. ಕೊನೆಯಲ್ಲಿ "ಪೊದು" ಎಂದಿದ್ದಿತು.

"ದೀರ್ಘ ತಿಂದವ್ರೆ ಸಾರ್, ಡಕಾರಾನೂ ಬಿಟ್ಟಿಲ್ಲ" ಎಂದ. ಅಲ್ಲಿಯೇ ಕುಳಿತು ಮತ್ತೆ ಬರೆದು ಕಳಿಸಿದೆವು. ಉತ್ತರ ಇನ್ನೂ ಬಂದಿಲ್ಲ.