ರಾಮನ್ ಬೆನ್ನು ಹತ್ತಿದ ಮಿರುಗುಗಲ್ಲು

ಸಿ.ವಿ. ರಾಮನ್ ಎಂದೊಡನೆ 1930, ನೊಬೆಲ್, ಬೆಳಕಿನ ಚದುರುವಿಕೆ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಅರವತ್ತು ದಾಟಿದ ಮೇಲೂ ಅವರು ಬೆಂಗಳೂರಿನಲ್ಲಿ ಕಲ್ಲುಗಳ ಬಣ್ಣದ ಹಿಂದೆ ಬಿದ್ದಿದ್ದರು ಎಂಬುದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ. ಆ ಕಥೆಯೇ ನನಗೆ ಹೆಚ್ಚು ಇಷ್ಟ.

ಅವರನ್ನು ಸೆಳೆದ ಕಲ್ಲುಗಳಲ್ಲಿ ಲ್ಯಾಬ್ರಡೊರೈಟ್ ಒಂದು. ಕೆನಡಾದ ಲ್ಯಾಬ್ರಡಾರ್ ಕರಾವಳಿಯಿಂದ 1770ರ ದಶಕದಲ್ಲಿ ಮೊರಾವಿಯನ್ ಮಿಷನರಿಗಳು ಯುರೋಪಿಗೆ ಮುಟ್ಟಿಸಿದ ಖನಿಜವಿದು. ನೋಡಲು ಮಾಸಲು ಬೂದು. ಕೈಯಲ್ಲಿ ತುಸು ಓರೆ ಮಾಡಿದರೆ ಸಾಕು, ಒಳಗಿನಿಂದ ನೀಲಿ ಹೊತ್ತಿಕೊಳ್ಳುತ್ತದೆ. ಇನ್ನಷ್ಟು ಹೊರಳಿಸಿದರೆ ಆರಿಹೋಗುತ್ತದೆ. ಕೆಲವು ತುಂಡುಗಳಲ್ಲಿ ಹಸಿರು, ಹೊನ್ನು, ಕೆಂಪೂ ಉಂಟು.

ಮುತ್ತಿನ ಚಿಪ್ಪಿನ ಹೊಳಪನ್ನು 1930ರ ದಶಕದಲ್ಲೇ ಪರೀಕ್ಷಿಸಿದ್ದ ರಾಮನ್, 1948ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾಗಿ ತಮ್ಮದೇ ಸಂಶೋಧನಾ ಸಂಸ್ಥೆಯಲ್ಲಿ ಕೂತ ಮೇಲೆ ಖನಿಜಗಳಿಗೆ ಕೈಹಾಕಿದರು. ಶಿಷ್ಯ ಎ. ಜಯರಾಮನ್ ಜೊತೆ ಬರೆದ ಲ್ಯಾಬ್ರಡೊರೈಟ್ ಪ್ರಬಂಧ 1950ರಲ್ಲಿ ಪ್ರಕಟವಾಯಿತು. ಮಿರುಗಿನ ಮೂಲ ಕಲ್ಲಿನ ಒಳರಚನೆಯಲ್ಲೇ ಇದೆ ಎಂಬುದು ಅವರ ನಿಲುವು. ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ರಚನೆಯನ್ನು ಕಣ್ಣಿಗೇ ತೋರಿಸಿತು. ಹರಳುಗಟ್ಟಿದ ಶಿಲೆ ನಿಧಾನವಾಗಿ ತಣಿಯುವಾಗ ಕ್ಯಾಲ್ಸಿಯಂ ಹೆಚ್ಚಿರುವ ಭಾಗವೂ ಸೋಡಿಯಂ ಹೆಚ್ಚಿರುವ ಭಾಗವೂ ಬೇರ್ಪಟ್ಟು, ಒಂದರ ಪಕ್ಕ ಒಂದು ತೆಳು ಪದರಗಳಾಗಿ ನಿಲ್ಲುತ್ತವೆ. ಪದರ ತೆಳುವಾದರೆ ನೀಲಿ, ದಪ್ಪವಾದಂತೆ ಕೆಂಪಿನ ಕಡೆಗೆ. ಇಲ್ಲಿ ಬಣ್ಣದ ವಸ್ತುವೇ ಇಲ್ಲ, ಮಳೆನೀರಿನ ಮೇಲೆ ತೇಲುವ ಎಣ್ಣೆಪೊರೆಯಲ್ಲಿ ಇಲ್ಲದ ಹಾಗೆ.

ಬಣ್ಣ ಮಿರುಗುವ ಇನ್ನೊಂದು ಕಲ್ಲು ಓಪಲ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದರಲ್ಲೂ ಪದರಗಳೇ ಇರಬೇಕೆಂದು 1953ರಲ್ಲಿ ಗುರುಶಿಷ್ಯರು ವಾದಿಸಿದರು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಕಂಡದ್ದೇ ಬೇರೆ: ಒತ್ತೊತ್ತಾಗಿ ಜೋಡಿಸಿಟ್ಟಂತಹ ಸಿಲಿಕಾದ ಪುಟ್ಟ ಗೋಲಿಗಳು. ರಾಮನ್ ತಪ್ಪಿದ ಈ ಪ್ರಸಂಗವನ್ನೂ ಮಕ್ಕಳಿಗೆ ಹೇಳಬೇಕು. ವಿಜ್ಞಾನ ನಡೆಯುವುದೇ ಹೀಗೆ ಎಂದು ಅವರಿಗೆ ಗೊತ್ತಾಗಲಿ.

ಈ ಕಲ್ಲುಗಳ ಮಿರುಗು ಒಳಗಿನದು; ಮೇಲೆ ಬರಿಸಿದ ಬಣ್ಣದ ಕಲ್ಲುಗಳೂ ಉಂಟು. ಈಗ ಆನ್‌ಲೈನ್ ಅಂಗಡಿಗಳಲ್ಲಿ 'ಪೀಕಾಕ್ ಓರ್' ಎಂಬ ನವಿಲುಬಣ್ಣದ ಅದಿರು ಮಾರಾಟಕ್ಕಿದೆ. ಬಹುಪಾಲು ಅದು ಆಮ್ಲದಲ್ಲಿ ಅದ್ದಿ ಬಣ್ಣ ಬರಿಸಿದ ಚಾಲ್ಕೊಪೈರೈಟ್, ತಾಮ್ರದ ಅದಿರು. ನಮ್ಮ ಚಿತ್ರದುರ್ಗದ ಇಂಗಳದಾಳ ಗಣಿಯಲ್ಲಿ ತೆಗೆಯುತ್ತಿದ್ದುದೂ ಇದೇ ಖನಿಜವನ್ನು. ಬಣ್ಣ ಬರಿಸಿದ್ದನ್ನು ಹೇಳಿ ಮಾರಿದರೆ ತಕರಾರಿಲ್ಲ. ಹೇಳದೆ ಮಾರಿ, ಅದೇ ತುಂಡು ತರಗತಿಯ ಮಾದರಿಯಾದಾಗ ನನಗೆ ಸಿಟ್ಟು ಬರುತ್ತದೆ. ಮೇಲಿನ ಪೊರೆ ಎಷ್ಟೇ ಥಳಕು ತೋರಿಸಲಿ, ಒಡೆದ ಮುಖದಲ್ಲಿ ಕಾಣುವುದು ಹಿತ್ತಾಳೆಯ ಹಳದಿ; ಮೆರುಗಿಲ್ಲದ ಬಿಳಿ ಟೈಲ್ಸಿನ ಮೇಲೆ ಗೀಚಿದರೆ ಹಸಿರುಗಪ್ಪು ಗೆರೆ. ಲ್ಯಾಬ್ರಡೊರೈಟನ್ನು ಒಡೆದರೂ ಒಳಗಿನ ಮಿರುಗು ಹೋಗುವುದಿಲ್ಲ. ಎರಡನ್ನೂ ಮಕ್ಕಳ ಕೈಗೇ ಕೊಟ್ಟು ಒಡೆಸಿ, ಗೀಚಿಸಿ ನೋಡಬೇಕು. ಗಾಜಿನ ಬೀರುವಿಗೆ ಬೀಗ ಹಾಕಿ ಚಾರ್ಟ್ ತೋರಿಸಿದರೆ ಇದ್ಯಾವುದೂ ಅವರಿಗೆ ದಕ್ಕುವುದಿಲ್ಲ.